ಎಲೆಯಡಿಕೆಗೆ ಕಾದ ಹೊಲಗಳು

ಅನ್ನವನ್ನು ಬಲೆಯಾಗಿ ಹೆಣೆಯುವವನು ಕಳ್ಳನಿಗಿಂತ ಕೀಳು. ಕಳ್ಳನಿಗೆ ತಾನು ಮಾಡುವುದು ಕಳ್ಳತನವೆಂಬ ಅರಿವಾದರೂ ಇರುತ್ತದೆ. ಆದ್ದರಿಂದಲೇ ಅವನು ಹಿತ್ತಿಲ ಗೋಡೆ ಹಾರಿ ಬರುತ್ತಾನೆ. ಇವನು ಹಾಗಲ್ಲ. ಕುಂಕುಮದ ಬಟ್ಟಲು ಹಿಡಿದು ಮುಂಬಾಗಿಲಿಗೇ ಬರುತ್ತಾನೆ, ನಮ್ಮ ಹಣೆಗೆ ಕುಂಕುಮವಿಟ್ಟು, ಊಟಕ್ಕೆ ಬರಬೇಕೆಂದು ಕೈಮುಗಿದು, ನಮ್ಮಿಂದಲೇ ಹರಸಿಸಿಕೊಂಡು ಹೋಗುತ್ತಾನೆ. ಇಂಥ ಒಬ್ಬರು ನಮ್ಮ ಊರಿನಲ್ಲಿ ಬೆಳೆಗಾರರ ಸಂಘದ ಅಧ್ಯಕ್ಷರಾಗಿದ್ದರು. ಅವರ ಪಂಕ್ತಿಯಲ್ಲಿ ಕುಳಿತು, ಅವರ ಹೋಳಿಗೆಯನ್ನೇ ಉಂಡು, ನಮ್ಮ ಜನ ಅವರನ್ನು ಗೆದ್ದ ಮಧ್ಯಾಹ್ನವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಬರೆದಿಡುವುದು ನನ್ನ ಕರ್ತವ್ಯ.

ನಮ್ಮ ಊರಿನ ಹೊಲಗಳು ದುಡಿದವರನ್ನು ಹಿಂಬಾಲಿಸುತ್ತವೆ. ಯಾರ ಕಾಲು ಯಾವ ಮಣ್ಣನ್ನು ತುಳಿದು ಹದಮಾಡಿತೋ, ಅವರು ಮಧ್ಯಾಹ್ನ ಎಲ್ಲಿ ಕಣ್ಣು ಮುಚ್ಚುವರೋ, ಆ ಹೊಲ ಅಲ್ಲಿಗೆ ಬಂದು ಅವರ ಕಾಲ ದೆಸೆಯಲ್ಲಿ ನಿಲ್ಲುತ್ತದೆ. ರಾತ್ರಿಯ ನಿದ್ದೆಗೆ ಅವು ಕದಲುವುದಿಲ್ಲ. ಉಂಡ ಮೇಲಿನ ಜೊಂಪಿಗೆ ಮಾತ್ರ ಎದ್ದು ಹೊರಡುತ್ತವೆ. ಬದು, ಬೆದರುಬೊಂಬೆ, ಬೇಲಿಯ ಗೂಡಿನಲ್ಲಿರುವ ಹಕ್ಕಿಮರಿ ಎಲ್ಲವನ್ನೂ ಹೊತ್ತುಕೊಂಡು, ನೆಲದ ಮೇಲೆ ಕಂಬಳಿ ಎಳೆದಂಥ ಸದ್ದು ಮಾಡುತ್ತ ಬರುತ್ತವೆ. ಅಷ್ಟು ಅಗಲದ ಹೊಲ ಅಷ್ಟು ಚಿಕ್ಕ ಬಾಗಿಲ ಮುಂದೆ ಹೇಗೆ ಹಿಡಿಸಿತು ಎಂದು ಪರವೂರಿನವರು ಕೇಳುವುದುಂಟು. ನಮ್ಮವರು ಅದನ್ನೆಂದೂ ಕೇಳಿಲ್ಲ; ಅವರಿಗೆ ಬೇರೆ ಕೆಲಸವಿದೆ.

ಬದುಕು ಅದಕ್ಕೆ ತಕ್ಕಂತೆ ಹೊಂದಿಕೊಂಡಿದೆ. ಬಾವಿಗಳು ಇದ್ದಲ್ಲೇ ಇರುವುದರಿಂದ ಯಾವ ಬಾವಿಯೂ ಒಬ್ಬರದಲ್ಲ. ಹೊಲ ಎಲ್ಲಿ ನಿಂತಿತೋ ಅಲ್ಲಿಯ ಬಾವಿಯಿಂದ ನೀರು. ಬೀಗರ ಮನೆಗೆ ಹೋದವರು ಉಂಡ ಮೇಲೆ ತೂಕಡಿಸಿದರೆ ಮನೆಯಾಕೆ ಓಡಿಬಂದು, "ಏಳ್ರಿ ಬೀಗರ, ನಮ್ಮ ಅಂಗಳಾ ಈಗರ ಸಾರಿಸೀನಿ" ಎಂದು ಎಬ್ಬಿಸುತ್ತಾಳೆ. ಮದುವೆಗೆ ದಿನ ನೋಡುವವರು ಮುಹೂರ್ತದ ಜೊತೆಗೆ ಬಯಲನ್ನೂ ನೋಡುತ್ತಾರೆ. ತವರಿಗೆ ಬಂದ ಮಗಳು ತೊಟ್ಟಿಲ ಬದಿಗೆ ಮಲಗಿದ ಮಧ್ಯಾಹ್ನ, ಗಂಡನ ಓಣಿಯಿಂದ ಅವಳ ಹೊಲ ಬಾಗಿಲಿಗೆ ಬಂದು ನಿಂತರೆ, ತಾಯಂದಿರು ಆರತಿ ಎತ್ತಿ ಬರಮಾಡಿಕೊಳ್ಳುತ್ತಾರೆ.

ಸರ್ಕಾರಕ್ಕೆ ಮಾತ್ರ ಇದು ಬಹಳ ಕಾಲ ಒಗ್ಗಲಿಲ್ಲ. ಒಮ್ಮೆ ಮೋಜಣಿಯವರು ಬಂದು ಸರಪಳಿ ಹಿಡಿದು ನಕ್ಷೆ ಬರೆದರು. ಊಟ ಮಾಡಿ ಬರುವಷ್ಟರಲ್ಲಿ ನಕ್ಷೆ ಸುಳ್ಳಾಗಿತ್ತು. ಅವರು ಅದನ್ನು ಹರಿದು ಹೋದವರು ಮತ್ತೆ ಬರಲಿಲ್ಲ. ಆದ್ದರಿಂದ ಬೀಜ ಗೊಬ್ಬರದ ಸಹಾಯಧನ ಹಂಚಲು ಮೇಲಿನವರು ನಮ್ಮೂರಿಗೆಂದೇ ಒಂದು ನಿಯಮ ಮಾಡಿದರು: ವರ್ಷಕ್ಕೊಮ್ಮೆ, ಗೊತ್ತಾದ ದಿನ, ಅಧಿಕಾರಿ ಬಂದ ಹೊತ್ತಿನಲ್ಲಿ ಹೊಲ ಯಾರ ಹೊಸ್ತಿಲೆದುರು ನಿಂತಿರುವುದೋ ಅವರೇ ಅದರ ಬೆಳೆಗಾರರು, ಸಹಾಯಧನ ಅವರಿಗೆ. ಮೂರು ವರ್ಷ ಒಂದೇ ಹೊಸ್ತಿಲೆದುರು ಕಂಡುಬಂದ ಹೊಲ ಆ ಹೊಸ್ತಿಲಿಗೇ ಖಾಯಂ. ನಿಯಮ ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ದುಡಿದವನು ತನ್ನ ಮನೆಯಲ್ಲಲ್ಲದೆ ಬೇರೆಲ್ಲಿ ಮಲಗುತ್ತಾನೆ ಎಂದು ಅವರು ನಂಬಿದ್ದರು. ಒಳ್ಳೆಯ ಮನಸ್ಸಿನ ನಿಯಮಗಳನ್ನು ಕೆಟ್ಟ ಮನಸ್ಸಿನವರು ಮೊದಲು ಓದುತ್ತಾರೆ.

ಓದಿದವರು ಪರ್ವತಗೌಡರು, ಸಂಘದ ಅಧ್ಯಕ್ಷರು. ಬೆಳೆಗಾರರ ಸಂಘಕ್ಕೆ ಅಧ್ಯಕ್ಷರಾಗಿದ್ದರೂ ಅವರ ಕಾಲಿಗೆ ಮಣ್ಣು ಹತ್ತಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಆದುದರಿಂದ ಅವರನ್ನು ಹಿಂಬಾಲಿಸುವ ಹೊಲ ಒಂದೂ ಇರಲಿಲ್ಲ. ಅವರು ಸಹಾಯಧನದ ದಿನವೇ ಊರಿಗೆ ಊಟ ಹಾಕತೊಡಗಿದರು. ನಮ್ಮಲ್ಲಿ ಊಟದ ಕರೆಯನ್ನು ಒಲ್ಲೆನೆನ್ನುವಂತಿಲ್ಲ. ಒಲ್ಲೆನೆಂದರೆ ಆ ಮನೆಯ ಒಲೆ ಆರಲೆಂದು ಬಯಸಿದಂತೆ. ಉಂಡ ಮೇಲೆಯೂ ಮನೆಯವರು ಎಲೆಯಡಿಕೆ ಕೊಡುವವರೆಗೆ ಯಾರೂ ಎದ್ದು ಹೋಗುವಂತಿಲ್ಲ. ಹೋದರೆ ಉಂಡ ಅನ್ನಕ್ಕೆ ಒದ್ದು ಹೋದಂತೆ. ಇವೆರಡೂ ಒಳ್ಳೆಯ ಪದ್ಧತಿಗಳು. ಹಿರಿಯರು ಅವನ್ನು ಪ್ರೀತಿಗಾಗಿ ಕಟ್ಟಿದ್ದರು. ಗೌಡರು ಅವೆರಡನ್ನೂ ಹಗ್ಗದಂತೆ ಹೊಸೆದರು. ಹೋಳಿಗೆ ತುಪ್ಪ ಬಡಿಸಿ, ಲಾವಂಚದ ತಟ್ಟಿಗೆ ನೀರು ಚಿಮುಕಿಸಿ, ತಂಪು ಪಡಸಾಲೆಯಲ್ಲಿ ಜಮಖಾನೆ ಹಾಸಿ, ಎಲೆಯಡಿಕೆಯ ತಟ್ಟೆಯನ್ನು ಮಾತ್ರ ಒಳಗೇ ಇಟ್ಟುಕೊಂಡರು. ಬೆಳಗಿನಿಂದ ದುಡಿದ ಮೈಗಳು ಕುಳಿತಲ್ಲೇ ಒರಗಿದವು. ಕಣ್ಣು ತೆರೆದಾಗ ಊರಿನ ಹೊಲಗಳೆಲ್ಲ ಗೌಡರ ಮನೆಯ ಸುತ್ತ ನಿಂತಿದ್ದವು; ಅಂಗಳದಲ್ಲಿ ಅಧಿಕಾರಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಹೀಗೆ ಎರಡು ವರ್ಷ ನಡೆಯಿತು. ಮೊದಲ ವರ್ಷ ಜನ ಅದನ್ನು ತಮಾಷೆ ಎಂದುಕೊಂಡರು, ಎರಡನೆಯ ವರ್ಷ ದುರದೃಷ್ಟವೆಂದುಕೊಂಡರು. ಮೂರನೆಯ ವರ್ಷ ಕುಂಕುಮದ ಬಟ್ಟಲು ಮತ್ತೆ ಬಂದಾಗ ಎಲ್ಲರಿಗೂ ನಿಜ ತಿಳಿದಿತ್ತು. ಈ ಸಲವೂ ಹೊಲಗಳು ಅಲ್ಲಿ ನಿಂತರೆ ಖಾಯಂ ಆಗಿ ಗೌಡರ ಪಾಲು.

ಆ ಬಟ್ಟಲನ್ನು ಕಂಡು ಎಲ್ಲರಿಗಿಂತ ಹೆಚ್ಚು ಉರಿದವಳು ಫಕ್ಕೀರವ್ವ. ಉಳಿದವರ ಹೊಲಗಳು ಅವರ ಹಿರಿಯರಿಂದ ಬಂದವು. ಅವಳದು ಅವಳೇ ಹುಟ್ಟಿಸಿದ ಹೊಲ. ಊರ ಹೊರಗೆ, ಆಡು ಕೂಡ ಬಾಯಿ ಹಾಕದ ಕಲ್ಲುನೆಲವೊಂದಿತ್ತು. ಅವಳ ಗಂಡ ಬಯಲಾಟದ ಮೇಳದಲ್ಲಿ ಪೇಟಿ ಬಾರಿಸುತ್ತ ಊರೂರು ತಿರುಗುವವನು. ಮನೆಯಲ್ಲಿರುವುದಕ್ಕಿಂತ ಮನೆಯ ಹಾಡು ಹೇಳುವುದರಲ್ಲಿ ಅವನಿಗೆ ಹೆಚ್ಚು ಪ್ರೀತಿ. ಫಕ್ಕೀರವ್ವ ಒಬ್ಬಳೇ ಕಲ್ಲು ಆರಿಸಿದಳು, ಕೆರೆಯ ಹೂಳು ಹೊತ್ತು ಹಾಕಿದಳು, ಮೆಣಸಿನ ಸಸಿ ನೆಟ್ಟಳು. ಬಹಳ ಕಾಲ ಆ ನೆಲ ಅವಳನ್ನು ತನ್ನವಳೆಂದು ಒಪ್ಪಿರಲಿಲ್ಲ. ಒಂದು ಮಧ್ಯಾಹ್ನ ಅವಳು ಹೊಸ್ತಿಲಿಗೆ ತಲೆಯಿಟ್ಟು ಮಲಗಿ ಎದ್ದಾಗ ಕಾಲ ಬಳಿ ಮೆಣಸಿನ ಗಿಡಗಳು ನಿಂತಿದ್ದವಂತೆ. ಅಂದು ಅವಳು ಓಣಿಗೆಲ್ಲ ಬೆಲ್ಲ ಹಂಚಿದ್ದಳು. ಆ ಹೊಲ ಗೌಡರಿಗೆ ಖಾಯಂ ಆದರೆ ಅದು ಅವಳ ಹಿಂದೆ ಬರುವುದೇನೋ ತಪ್ಪದು. ಆದರೆ ಅದರ ಹಣ್ಣು ಗೌಡರ ಕಣಕ್ಕೆ ಹೋಗುವುದು. ತಾನು ಹುಟ್ಟಿಸಿದ ಹೊಲದಲ್ಲಿ ತಾನೇ ಕೂಲಿಯವಳಾಗುವುದು ಎಂದರೆ ಏನೆಂದು ನಾನು ಯಾರಿಗೂ ವಿವರಿಸಬೇಕಾಗಿಲ್ಲ.

ನಾನು ಈ ಊರಿನ ಶಾಲೆಯಲ್ಲಿ ಪಾಠ ಹೇಳಿ ಕೂದಲು ಹಣ್ಣಾಗಿಸಿಕೊಂಡವನು. ಅನ್ಯಾಯವನ್ನು ಕಂಡು ಸುಮ್ಮನಿರುವುದನ್ನು ನಾನು ಕಲಿಸಿಲ್ಲ. ಗೌಡರ ಮನೆಗೆ ಹೋಗಿ ಮುಖಾಮುಖಿ ಕೇಳಿದೆ: "ಅಧ್ಯಕ್ಷರೇ, ನೀವು ಮಾಡುತ್ತಿರುವುದು ಧರ್ಮವೇ?"

ಗೌಡರು ತೂಗುಮಂಚದ ಮೇಲೆ ಕುಳಿತು ನಕ್ಕರು. "ಮಾಸ್ತರ, ಹಸದ ಮಂದಿಗೆ ಅನ್ನಾ ಹಾಕೋದು ಧರ್ಮ ಅಲ್ಲ ಅಂದ್ರ ನೀವು ಸಾಲ್ಯಾಗ ಕಲಿಸಿದ್ದರ ಏನು? ನಾ ಯಾರ ಹೊಲಾನೂ ಕರದಿಲ್ಲ. ಮಂದಿನ್ನ ಕರದೀನಿ. ಹೊಲಾ ತಾವಾಗೇ ಬಂದ್ರ ಹಚಾ ಹಚಾ ಅಂತ ಓಡಸಾಕ ಅವೇನು ನಾಯಿ ಏನ್ರಿ?"

"ಎಲೆಯಡಿಕೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ."

"ಎಲಿ ತೊಳೀಬೇಕು, ಒರಸಬೇಕು, ಸುಣ್ಣಾ ಹದಾ ಮಾಡಬೇಕು. ಮನಿಗೆ ಬಂದವರಿಗೆ ಅವಸರಾ ಮಾಡಿ ಕಳಸೂದು ಮರ್ಯಾದಿ ಅಲ್ಲ. ನೀವೂ ಬರ್ರಿ ಮಾಸ್ತರ. ನಿಮಗೇನು ಹೊಲಾ ಇಲ್ಲ, ಮನಿ ಇಲ್ಲ, ಆರಾಮ ಮಕ್ಕೋರಿ."

ಒಳಬಾಗಿಲಲ್ಲಿ ಅವರ ಹೆಂಡತಿ ಗುರಸಿದ್ದವ್ವ ಬೇಳೆ ಆರಿಸುತ್ತ ಕುಳಿತಿದ್ದರು. ಊರಿನಲ್ಲಿ ಅವರನ್ನು ಗೌಡಸಾನಿ ಎನ್ನುತ್ತಾರೆ. ಗಂಡನ ಮಾತು ಕೇಳಿದ ಆಕೆ ಮೊರವನ್ನು ನೆಲಕ್ಕೆ ಬಡಿದಿಟ್ಟು ಒಳಗೆ ಹೋದರು. ಗೌಡರು ಅದನ್ನು ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಯ ಕಟ್ಟೆಯ ಮೇಲೆ ಊರನ್ನು ಸೇರಿಸಿದೆ. ಕರೆಯನ್ನು ಎಲ್ಲರೂ ಒಟ್ಟಾಗಿ ತಿರಸ್ಕರಿಸಬೇಕೆಂದು ಹೇಳಿದೆ. ಜನ ನನ್ನನ್ನು ಕೊಲೆಗಾರನನ್ನು ನೋಡುವಂತೆ ನೋಡಿದರು.

"ಅನ್ನಕ್ಕ ಒಲ್ಲೆ ಅನ್ನೂದಾ?" ಎಂದ ಈರುಳ್ಳಿ ಬೆಳೆಯುವ ಮಾಬುಸಾಬ. "ಮಾಸ್ತರ್ರ, ಗೌಡ ಕೆಟ್ಟವ ಇರಬೌದು. ಹೋಳಿಗಿ ಏನ್ ತಪ್ಪು ಮಾಡೇತ್ರಿ?"

ನಗೆ ಎದ್ದಿತು. ಜೋಳ ಬೆಳೆಯುವ ದ್ಯಾಮಣ್ಣ, ಊಟದಲ್ಲೂ ನಿದ್ದೆಯಲ್ಲೂ ಊರಿಗೇ ಮೊದಲಿಗ, ತಲೆಯಾಡಿಸಿದ. "ಕಮ್ಮಿ ಉಣ್ಣೂಣು. ಕಮ್ಮಿ ಉಂಡ್ರ ನಿದ್ದಿ ಬರಂಗಿಲ್ಲ."

"ನೀ ಕಮ್ಮಿ ಉಣ್ಣಾಂವಾ?" ಎಂದಳು ಫಕ್ಕೀರವ್ವ. "ನಿನ್ನ ಎಲಿ ನೋಡಿದ್ರ ತೊಳದಿಟ್ಟಂಗ ಇರತೈತಿ. ಗೌಡಸಾನಿ ಬಡಿಸಿದ್ದನ್ನ ಎಲ್ಯಾಗ ಬಿಡೂದು ನಮ್ಮ ಮಂದಿಗೆ ಬರಂಗಿಲ್ಲ. ಉಣ್ಣೂದು ಉಣ್ಣೂಣು. ಕುಂದ್ರೂದು ಕುಂದ್ರೂಣು. ಕಣ್ಣು ಮಾತ್ರ ಮುಚ್ಚೂದು ಬ್ಯಾಡ."

"ಹೆಂಗ ಮುಚ್ಚದಂಗ ಇರಬೇಕವ್ವಾ? ಹೋಳಿಗಿ ಹೊಟ್ಟ್ಯಾಗ ಇಳದ ಮ್ಯಾಲೆ ರೆಪ್ಪಿ ನನ್ನ ಮಾತು ಕೇಳಂಗಿಲ್ಲ."

ಫಕ್ಕೀರವ್ವ ನನ್ನ ಕಡೆ ತಿರುಗಿದಳು. ಅಲ್ಲಿದ್ದ ಉಳಿದವರಂತೆ ಅವಳೂ ಮೂರನೆಯ ಇಯತ್ತೆಯವರೆಗೆ ನನ್ನ ಬಳಿಯೇ ಕಲಿತವಳು. "ಮಾಸ್ತರ್ರ, ಮಧ್ಯಾಹ್ನದ ಸಾಲ್ಯಾಗ ನಾವು ಒಂದಿನರ ತೂಕಡಿಸೀವೇನ್ರಿ?"

"ಇಲ್ಲ," ಎಂದೆ. "ನನ್ನ ತರಗತಿಯಲ್ಲಿ ಯಾರೂ ತೂಕಡಿಸಿಲ್ಲ."

"ಮತ್ತ, ಇನ್ನೊಂದಿನ ಸಾಲಿ ನಡಸ್ರಿ."

ಆ ದಿನ ಬಂದಿತು. ಗೌಡರ ಪಡಸಾಲೆ ಈ ಸಲ ಇನ್ನೂ ತಂಪಾಗಿತ್ತು, ತಲೆದಿಂಬುಗಳನ್ನೂ ತರಿಸಿದ್ದರು. ಅಧಿಕಾರಿ ಹಂಚಿನಾಳ ಸಾಹೇಬರನ್ನು ಸಂಜೆಗೆ ಕಾಯದೆ ಮಧ್ಯಾಹ್ನದ ಊಟಕ್ಕೇ ಕರೆಸಿದ್ದರು. ಮೂರನೆಯ ವರ್ಷದ ಕೆಲಸ ತಡವಾಗಬಾರದೆಂಬ ಆತುರ. ಗೌಡರು ತಾವೂ ಪಂಕ್ತಿಯಲ್ಲೇ ಕುಳಿತರು. ಗೌಡಸಾನಿ ಬಡಿಸಿದರು. ಹೂರಣದ ಹೋಳಿಗೆ, ಅದರ ಮೇಲೆ ತುಪ್ಪ, ಕಟ್ಟಿನ ಸಾರು, ಎಣ್ಣೆಗಾಯಿ, ಕೊನೆಗೆ ಕಡೆದ ಮಜ್ಜಿಗೆ. ಆ ತಾಯಿಯ ಕೈಯಲ್ಲಿ ಕಪಟವಿರಲಿಲ್ಲ. ಮಗುವಿಗೆ ಬಡಿಸುವಂತೆ ಒಬ್ಬೊಬ್ಬರ ಮುಂದೆಯೂ ನಿಂತು, "ಇನ್ನೊಂದು ಹಾಕ್ಕೋರಿ" ಎನ್ನುತ್ತಿದ್ದರು. ದ್ಯಾಮಣ್ಣ ಹಾಕಿಸಿಕೊಂಡ. ಮತ್ತೊಂದನ್ನೂ ಹಾಕಿಸಿಕೊಂಡ. ಫಕ್ಕೀರವ್ವ ಅವನನ್ನು ಕಣ್ಣಿನಲ್ಲೇ ಸುಟ್ಟಳು.

ಎಲೆ ಎತ್ತಿಯಾಯಿತು. ಕೈ ತೊಳೆದು ಎಲ್ಲರೂ ಬಂದು ಜಮಖಾನೆಯ ಮೇಲೆ ಕುಳಿತರು. ತಟ್ಟಿಯಿಂದ ಲಾವಂಚದ ಗಾಳಿ ಬೀಸಿತು. ನಾನು ಎದ್ದು ನಿಂತೆ. ದುಡಿಮೆಯ ಘನತೆ, ಪ್ರಭುತ್ವದ ಹೊಣೆ, ಅನ್ನದ ಪಾವಿತ್ರ್ಯ ಇವುಗಳ ಬಗ್ಗೆ ಕೆಲವು ಮಾತುಗಳನ್ನು ಆಡತೊಡಗಿದೆ. ಆ ಮಾತುಗಳು ಸತ್ಯವಾಗಿದ್ದವು, ಇಂದಿಗೂ ಸತ್ಯವೇ. ಆದರೆ ಹೊಟ್ಟೆ ತುಂಬಿದವನ ಕಿವಿಗೆ ಸತ್ಯವೂ ಜೋಗುಳದಂತೆ ಕೇಳುತ್ತದೆ. ಮಾಬುಸಾಬನ ಗದ್ದ ಎದೆಗೆ ತಾಗಿತು. ಇನ್ನೊಬ್ಬನ ಬಾಯಿ ತೆರೆದುಕೊಂಡಿತು. ದೂರದಲ್ಲೆಲ್ಲೋ ಕಂಬಳಿ ಎಳೆದ ಸದ್ದು ಹುಟ್ಟಿತು.

"ಮಾಸ್ತರ್ರ!" ಫಕ್ಕೀರವ್ವ ಕೂಗಿದಳು. "ನಿಮ್ಮ ಕಾಲಿಗೆ ಬೀಳ್ತೀನಿ, ನೀತಿ ಸಾಕು. ಮಗ್ಗಿ ಕೇಳ್ರಿ, ಮಗ್ಗಿ!"

ನನಗೆ ಒಂದು ಕ್ಷಣ ನೋವಾಯಿತು. ಆದರೆ ಶಿಷ್ಯೆ ಸರಿಯಾದುದನ್ನು ಹೇಳಿದಾಗ ಒಪ್ಪುವುದು ಗುರುವಿನ ಧರ್ಮ. ಮೇಲುಹೊದಿಕೆಯನ್ನು ಹೆಗಲಿಗೆಸೆದು, ತರಗತಿಯ ದನಿಯನ್ನು ಹೊರತೆಗೆದು, ಬೆರಳು ಚಾಚಿದೆ. "ಮಾಬೂ! ಏಳು ಮೇಲೆ! ಹದಿನೇಳರ ಮಗ್ಗಿ!"

ಮಾಬುಸಾಬ ಚೇಳು ಕಡಿದವನಂತೆ ಎದ್ದು ನಿಂತ. ಮೊಮ್ಮಕ್ಕಳನ್ನು ಕಂಡ ಆ ಮನುಷ್ಯನ ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಂಡವು. "ಹದಿನೇಳೊಂದ್ಲೆ ಹದಿನೇಳ್ರಿ. ಹದಿನೇಳೆರಡ್ಲೆ ಮೂವತ್ನಾಕ್ರಿ..." ಹೀಗೆ ಸಾಗಿ ಏಳಕ್ಕೆ ಬಂದು ನಿಂತುಬಿಟ್ಟ. "ಹದಿನೇಳೇಳ್ಲೆ... ಹದಿನೇಳೇಳ್ಲೆ..."

"ಆಗಲೂ ಇಲ್ಲೇ ನಿಲ್ಲುತ್ತಿದ್ದೆ! ಪಕ್ಕದವನು ಹೇಳಲಿ! ಹೇಳದಿದ್ದರೆ ಒಂಟಿಕಾಲು!"

ನಿದ್ದೆ ಎಂಬುದು ಆ ಪಡಸಾಲೆಯಿಂದ ಕಾಲ್ಕಿತ್ತಿತು. ಕಿವಿ ಹಿಡಿದುಕೊಂಡವರು, ಗೋಡೆಗೆ ಒರಗಿ ತುಟಿಯಲ್ಲೇ ಲೆಕ್ಕ ಹಾಕುವವರು, ತಮ್ಮ ಸರದಿ ಬಾರದಿರಲೆಂದು ಬೇರೆಯವರ ಬೆನ್ನ ಹಿಂದೆ ಅಡಗುವವರು. ಗೂಳಿಗೂ ಹೆದರದವರು ಹದಿನೇಳಕ್ಕೆ ಬೆವರಿದರು. ತಪ್ಪಿದವರಿಗೆ ಉಳಿದವರು "ಹೋ" ಎಂದು ಕೂಗಿದರು. ಸರಿಯಾಗಿ ಹೇಳಿದ ಫಕ್ಕೀರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತ ನೋಡಿದಳು, ಬಹುಮಾನ ಪಡೆದವಳಂತೆ.

ಗೌಡರು ಮೊದಲು ನಕ್ಕರು. "ಹೇಳ್ರಿ ಹೇಳ್ರಿ. ಎಷ್ಟೊತ್ತು ಹೇಳ್ತೀರಿ ನೋಡೂಣು. ಎಲಿ ಇನ್ನೂ ತೊಳದಿಲ್ಲ." ಅವರು ದಿಂಬಿಗೆ ಒರಗಿದರು. ಅವರು ಪಟ್ಟಣದ ಶಾಲೆಯಲ್ಲಿ ಓದಿದವರು. ನನ್ನ ಬೆರಳಿನ ಭಯ ಅವರಿಗಿರಲಿಲ್ಲ. ಭಯವಿಲ್ಲದವನಿಗೆ ಮಗ್ಗಿಯಂಥ ಲಾಲಿ ಇನ್ನೊಂದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಗೌಡರ ಗೊರಕೆ ಹದಿನೆಂಟರ ಮಗ್ಗಿಯ ಜೊತೆಗೆ ತಾಳ ಹಾಕತೊಡಗಿತು. ಅವರ ಕಾಲ ದೆಸೆಗೆ ಯಾವ ಹೊಲವೂ ಬರಲಿಲ್ಲ.

ಆಗಲೇ ಸದ್ದು ಮತ್ತೆ ಕೇಳಿಸಿತು, ಈ ಸಲ ಹತ್ತಿರದಲ್ಲಿ. ಕಂಬದ ಮರೆಯಲ್ಲಿ ದ್ಯಾಮಣ್ಣ, ಒಂಟಿಕಾಲಿನ ಶಿಕ್ಷೆಯಲ್ಲಿ ನಿಂತವನು, ನಿಂತಂತೆಯೇ ನಿದ್ದೆ ಹೋಗಿದ್ದ. ಹೊರಗಿನ ಬೀದಿಯಲ್ಲಿ ಅವನ ಜೋಳದ ಹೊಲ ತೆನೆ ತೂಗುತ್ತ ಬರುತ್ತಿತ್ತು. ಫಕ್ಕೀರವ್ವ ಹೋಗಿ ಮಜ್ಜಿಗೆಯ ಚರಿಗೆಯನ್ನು ಅವನ ನೆತ್ತಿಯ ಮೇಲೆ ಬೋರಲು ಹಾಕಿದಳು. ಅವನು ಎಚ್ಚರಗೊಂಡು, "ನೂರಾ ಎಂಟ್ರೀ!" ಎಂದು ಕೂಗಿದ. ಉತ್ತರ ತಪ್ಪು, ಆದರೆ ಹೊಲ ನಿಂತಿತು. ನಡುಬೀದಿಯಲ್ಲಿ, ಗೌಡರ ಬಾಗಿಲಿಗೂ ಮುಟ್ಟದೆ, ತನ್ನ ಮನೆಗೂ ಇಲ್ಲದೆ, ಸಂತೆಯಲ್ಲಿ ಕೈಬಿಟ್ಟುಹೋದ ಕೂಸಿನಂತೆ ನಿಂತಿತು.

"ನನ್ನ ಹೊಲಾ..." ದ್ಯಾಮಣ್ಣ ಅಳುವಂತಾದ. "ಮನಿಗೆ ಹೋಗಿ ಮಕ್ಕೊಂಡ್ರ ಹಿಂದ ಬರತೈತಿ. ಬಿಡ್ರಿ ನನ್ನ."

"ಎಲೆಯಡಿಕೆ ಆಗಿಲ್ಲ," ಎಂದೆ. ಮಾತು ನನಗೇ ಕಹಿಯಾಗಿತ್ತು. ಯಾರೂ ಅಲುಗಲಿಲ್ಲ. ಅಷ್ಟು ಸಂಕಟದಲ್ಲೂ ಆ ಜನ ಅನ್ನದ ಮರ್ಯಾದೆ ಮೀರಲಿಲ್ಲವೆಂಬುದನ್ನು, ಮರ್ಯಾದೆಯನ್ನು ಮಾರಿಕೊಂಡವರು ಗಮನಿಸಬೇಕು.

ಎಲೆಯಡಿಕೆಯಿಲ್ಲದೆ ಏಳಲಾರದೆ ಕುಳಿತ ಇನ್ನೊಬ್ಬರು ಆ ಪಡಸಾಲೆಯಲ್ಲಿದ್ದರು. ಹಂಚಿನಾಳ ಸಾಹೇಬರು ಮೂಲೆಯಲ್ಲಿ ಹಲ್ಲಿಗೆ ಕಡ್ಡಿ ಹಾಕುತ್ತ, ಇದೆಲ್ಲ ಏನೆಂದು ತಿಳಿಯದೆ ನೋಡುತ್ತಿದ್ದರು. ಅವರು ಪರವೂರಿನವರಾದರೂ ಉಂಡ ಮೇಲೆ ಅವರೂ ಅತಿಥಿಯೇ. ನಾನು ಅವರ ಮುಂದೆ ಹೋಗಿ ನಿಂತೆ.

"ಸಾಹೇಬರೇ, ತಾವು ಓದಿದವರು. ತಮ್ಮ ಸರದಿ. ಹತ್ತೊಂಬತ್ತರ ಮಗ್ಗಿ."

"ನಾನಾ?" ಅವರು ಸುತ್ತ ನೋಡಿದರು. "ಮಾಸ್ತರೇ, ನಾನು ಸರ್ಕಾರಿ ಕೆಲಸಕ್ಕೆ ಬಂದೋನು..."

"ಸರ್ಕಾರಕ್ಕೆ ಹತ್ತೊಂಬತ್ತು ಬರಂಗಿಲ್ಲೇನ್ರಿ?" ಎಂದು ಹಿಂದಿನಿಂದ ಮಾಬುಸಾಬ ಕೇಳಿದ. ಅವನ ಸರದಿ ಮುಗಿದಿತ್ತಲ್ಲ, ಅವನಿಗೆ ಧೈರ್ಯ ಬಂದಿತ್ತು.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು. ಹತ್ತೊಂಬತ್ತೆರಡ್ಲೆ ಮೂವತ್ತೆಂಟು. ಹತ್ತೊಂಬತ್ತು ಮೂರ್ಲೆ..." ಊರಿಗೆ ಊರೇ ಉಸಿರು ಹಿಡಿದು ಅವರ ಬಾಯಿಯನ್ನೇ ನೋಡುತ್ತಿತ್ತು. ಅವರ ಹಣೆಯಲ್ಲಿ ಬೆವರು ಮೂಡಿತು. ಇಲ್ಲಿ ತಪ್ಪಿದರೆ ಒಂಟಿಕಾಲು. ಸಾಹೇಬರು ಅಡುಗೆಮನೆಯ ಕಡೆ ತಿರುಗಿ ಕೂಗಿಕೊಂಡರು: "ಅಮ್ಮಾ! ಎಲೆ ಅಡಿಕೆ ಕೊಡ್ರಮ್ಮಾ! ನನಗೆ ಹೊತ್ತಾಯ್ತು!"

ಅತಿಥಿ ಬಾಯಿಬಿಟ್ಟು ಕೇಳಿದ ಮೇಲೆ ಎಲೆಯಡಿಕೆಯನ್ನು ತಡೆಯುವಂತಿಲ್ಲ. ಒಬ್ಬರಿಗೆ ಕೊಟ್ಟ ಮೇಲೆ ಪಂಕ್ತಿಗೆಲ್ಲ ಕೊಡದೆ ಇರುವಂತಿಲ್ಲ. ಮನೆಯ ಯಜಮಾನ ಮಲಗಿದ್ದರೆ ಯಜಮಾನಿಯ ಕೈಯೇ ಕೈ. ಗೌಡಸಾನಿ ತಟ್ಟೆ ಹಿಡಿದು ಹೊರಗೆ ಬಂದರು. ಎಲೆಗಳು ತೊಳೆದಿದ್ದವು, ಒರೆಸಿದ್ದವು, ಸುಣ್ಣ ಹದವಾಗಿತ್ತು. ಬೆಳಗಿನಿಂದಲೂ ಸಿದ್ಧವಾಗಿಯೇ ಇದ್ದವು. ಆಕೆ ಗೊರಕೆ ಹೊಡೆಯುವ ಗಂಡನನ್ನು ಒಮ್ಮೆ ನೋಡಿದರು, ಸಾಹೇಬರನ್ನು ದಾಟಿದರು, ಪಂಕ್ತಿಯ ಕೊನೆಗೆ ಹೋಗಿ ಮೊದಲ ಎಲೆಯನ್ನು ಫಕ್ಕೀರವ್ವನ ಕೈಗಿಟ್ಟರು.

"ತಗೋ ತಂಗಿ. ಎರಡು ವರ್ಷ ನನ್ನ ಕೈ ಅನ್ನಾನ ನಿಮ್ಮ ಕೊರಳಿಗೆ ಉರಲಾತು. ನಾ ಬೇಯಿಸಿದ್ದು ಹೊಟ್ಟಿಗಂತ. ಲಗೂನ ಮನಿಗೆ ನಡಿ."

ಫಕ್ಕೀರವ್ವ ಆ ಕೈಯನ್ನು ಕಣ್ಣಿಗೊತ್ತಿಕೊಂಡಳು. "ನಿಮ್ಮ ಒಲಿ ಆರದಿರಲಿ ಯಕ್ಕಾ," ಎಂದಳು.

ಮುಂದಿನದನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ. ಎಲೆಯನ್ನು ಬಾಯಿಗಿಟ್ಟವರು ಇಟ್ಟಂತೆ ಹೊರಬಿದ್ದರು. ದ್ಯಾಮಣ್ಣ ಮಜ್ಜಿಗೆ ಸುರಿಯುವ ತಲೆಯಲ್ಲೇ ಓಡಿ, ತನ್ನ ಕಟ್ಟೆ ಮುಟ್ಟಿ, ಬೆನ್ನು ನೆಲಕ್ಕೆ ತಾಗುವ ಮೊದಲೇ ನಿದ್ದೆ ಹೋದ. ಆ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಬೀದಿಯಲ್ಲಿ ನಿಂತಿದ್ದ ಜೋಳ ಮೈಕೊಡವಿ ಹೊರಟು ಅವನ ಕಾಲ ಬಳಿ ಹೋಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಅವನು ಏಳಲಿಲ್ಲ.

ಹಂಚಿನಾಳ ಸಾಹೇಬರು ಗೌಡರ ಅಂಗಳಕ್ಕೆ ಬಂದು ಕುರ್ಚಿಯ ಬಳಿ ನಿಂತರು. ಎರಡು ವರ್ಷ ಅಲ್ಲಿ ಕುಳಿತೇ ಕೆಲಸ ಮುಗಿಸಿದ್ದರು. ಈಗ ಎದುರಿಗೆ ಖಾಲಿ ಬಯಲು. "ಎಲ್ಲಿ ಹೊಲಗಳು?" ಎಂದು ಕೇಳಿದರು.

"ನಿನ್ನಿ ನಾವು ಮಕ್ಕೊಂಡಲ್ಲೇ ಅದಾವ್ರಿ," ಎಂದ ಮಾಬುಸಾಬ. "ನೀವ ನಡದು ಬರಬೇಕ್ರಿ. ನಿಯಮ ಹೊಸ್ತಿಲಿಂದು, ಕುರ್ಚಿದಲ್ಲ."

ಸಾಹೇಬರು ನಡೆದರು. ಬಿಸಿಲಿನಲ್ಲಿ, ಓಣಿಯಿಂದ ಓಣಿಗೆ, ಊರೆಲ್ಲ ಅವರ ಹಿಂದೆ. ಮಾಬುಸಾಬನ ಹೊಸ್ತಿಲೆದುರು ಈರುಳ್ಳಿ, ಆಚೆ ಮನೆಯ ಮುಂದೆ ಹತ್ತಿ, ಅದರಾಚೆ ಶೇಂಗಾ. ಒಂದೊಂದು ಬಾಗಿಲಲ್ಲೂ ಅವರು ನಿಂತು, "ಈ ಹೊಲ ಈ ಹೊಸ್ತಿಲಿಗೆ" ಎಂದು ಗಟ್ಟಿಯಾಗಿ ಹೇಳಬೇಕಾಗಿತ್ತು. ಹೇಳಿದಾಗಲೆಲ್ಲ ಕೇಕೆ ಏಳುತ್ತಿತ್ತು. ಮುದುಕರು ಕೋಲೂರಿ ಬಾಗಿಲಿಗೆ ಬಂದರು. ಹೆಂಗಸರು ಸಾಹೇಬರ ಕಾಲಿಗೆ ನೀರು ಹಾಕಿದರು. ನಾನು ಅಷ್ಟು ವರ್ಷ ಪಾಠ ಹೇಳಿದರೂ ನ್ಯಾಯವೆಂಬ ಪದ ಹೀಗೆ ಬಿಸಿಲಲ್ಲಿ ಬೀದಿಯ ಮೇಲೆ ನಡೆದುದನ್ನು ಕಂಡಿದ್ದು ಅಂದೇ.

ಫಕ್ಕೀರವ್ವನ ಮನೆ ಕೊನೆಯದು. ಮೆಣಸಿನ ಹೊಲ ಹಣ್ಣಾಗಿ ಕೆಂಪಗೆ ಅವಳ ಹೊಸ್ತಿಲೆದುರು ನಿಂತಿತ್ತು. ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು. ಗೌಡರು ಎಚ್ಚರಗೊಂಡು, ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿಬರುತ್ತಿದ್ದರು. ದಿಂಬಿನ ಗೆರೆ ಕೆನ್ನೆಯ ಮೇಲಿತ್ತು.

"ನಿಲ್ರಿ ಸಾಹೇಬ್ರ! ಈ ಹೊಲಾ ಎರಡು ವರ್ಷ ನನ್ನ ಬಾಗಲಾಗ ನಿಂತೈತಿ! ಇಕಿ ಬ್ಯಾಸಾಯ ಮಾಡಾಕಿ ಅಲ್ಲ, ಪೇಟಿ ಬಾರಸಾಂವನ ಹೇಂತಿ!" ಸಾಹೇಬರನ್ನು ತಡೆಯುವ ಭರದಲ್ಲಿ ಅವರು ನೇರವಾಗಿ ಹೊಲಕ್ಕೇ ಕಾಲಿಟ್ಟರು. ಒಂದು ಗಿಡ ಲಟಕ್ಕನೆ ಮುರಿಯಿತು.

"ಏ ಗೌಡಾ!" ಫಕ್ಕೀರವ್ವನ ದನಿಗೆ ಮರದ ಮೇಲಿನ ಕಾಗೆಗಳೆದ್ದವು. ಆ ಊರಿನಲ್ಲಿ ಅವರನ್ನು ಎದುರಿಗೇ ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಬದುವಿನ ಮ್ಯಾಲೆ ಬಾ! ಗಿಡಾ ತುಳೀಬ್ಯಾಡಾ!"

ಗೌಡರು ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎತ್ತಿದ ಕಾಲನ್ನು ಎಲ್ಲಿ ಊರಬೇಕೆಂದು ತಿಳಿಯಲಿಲ್ಲ. ಬೆಳೆಗಾರರ ಸಂಘದ ಅಧ್ಯಕ್ಷರಿಗೆ ಬದು ಯಾವುದು, ಸಾಲು ಯಾವುದು ಎಂಬುದು ಗೊತ್ತಿರಲಿಲ್ಲ. ಊರಿನ ಎಲ್ಲರ ಕಣ್ಣೆದುರು ಅವರು ಮೆಣಸಿನ ನಡುವೆ ಒಂಟಿಕಾಲಿನಲ್ಲಿ ನಿಂತಿದ್ದರು; ಆ ಶಿಕ್ಷೆಯನ್ನು ನಾನು ಕೊಟ್ಟಿರಲಿಲ್ಲ. ಯಾರೂ ನಗಲಿಲ್ಲ. ನಗುವುದಕ್ಕಿಂತ ಅದು ಕಠಿಣವಾಗಿತ್ತು. ಕೊನೆಗೆ ಫಕ್ಕೀರವ್ವ ತಾನೇ ಹೋಗಿ ಅವರ ತೋಳು ಹಿಡಿದು, "ಇಲ್ಲಿ ಊರ್ರಿ. ಈಗ ಇಲ್ಲಿ. ಈಗ ಇಲ್ಲಿ," ಎಂದು ಮಗುವಿಗೆ ಹೇಳುವಂತೆ ಹೇಳುತ್ತ ಹೊರಗೆ ತಂದು ಬಿಟ್ಟಳು. ಗೌಡರು ತಲೆ ಎತ್ತಲಿಲ್ಲ. ಬಂದ ದಾರಿಯಲ್ಲಿ ಬರಿಗಾಲಲ್ಲಿ ಹೋದರು.

ಹಂಚಿನಾಳ ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಯಾಕೆ ತೆಗೆದರೋ ಅವರಿಗೇ ತಿಳಿದಿರಲಿಕ್ಕಿಲ್ಲ. "ಈ ಹೊಲ," ಎಂದರು, ಉಳಿದ ಬಾಗಿಲುಗಳಲ್ಲಿ ಹೇಳಿದುದಕ್ಕಿಂತ ನಿಧಾನವಾಗಿ, "ಈ ಹೊಸ್ತಿಲಿಗೆ."

ಕೇಕೆ ಎದ್ದಿತು. ಯಾರೋ ಹಲಗೆ ತಂದು ಬಾರಿಸಿದರು. ಮಾಬುಸಾಬ ನನ್ನ ಎರಡೂ ಕೈ ಹಿಡಿದು, "ನೂರಾ ಹತ್ತೊಂಬತ್ತು! ಹದಿನೇಳೇಳ್ಲೆ ನೂರಾ ಹತ್ತೊಂಬತ್ತು! ಈಗ ನೆನಪಾತ್ರಿ!" ಎಂದು ಕುಣಿದ. ಫಕ್ಕೀರವ್ವ ಕುಣಿಯಲಿಲ್ಲ. ಮುರಿದ ಗಿಡದ ಬಳಿ ಹೋಗಿ, ಅದರ ಹಣ್ಣುಗಳನ್ನು ಬಿಡಿಸಿ ಉಡಿಯಲ್ಲಿ ಹಾಕಿಕೊಂಡು ಬಂದಳು. ಹೊಸ್ತಿಲ ಮೇಲೆ ಕುಳಿತಳು. ಮುಖದಲ್ಲಿ ಆಗ ಮಾತ್ರ ದಣಿವು ಕಾಣಿಸಿತು.

"ಇನ್ನ ಗದ್ದಲಾ ಸಾಕು, ಎಲ್ಲಾರೂ ನಿಮ್ಮ ನಿಮ್ಮ ಮನಿಗೆ ನಡೀರಿ," ಎಂದಳು. "ಮಧ್ಯಾಹ್ನದಿಂದ ರೆಪ್ಪಿ ಹಿಡಕೊಂಡು ಕುಂತೀನಿ."

"ಮಕ್ಕೋ ಅವ್ವಾ, ಮಕ್ಕೋ," ಎಂದ ಮಾಬುಸಾಬ. "ಈಗ ಬೇಕಾದ್ರ ಊರಿಗೆಲ್ಲಾ ಕೇಳೂ ಹಂಗ ಗೊರಕಿ ಹೊಡಿ."

ಅವಳು ಹೊಸ್ತಿಲಿಗೆ ತಲೆಯಿಟ್ಟು ಕಾಲು ಚಾಚಿದಳು. ಹಲಗೆ ನಿಂತಿತು. ಕಣ್ಣು ಮುಚ್ಚಿದವಳ ಉಸಿರು ನಿಧಾನವಾಗಿ ಆಳಕ್ಕಿಳಿಯಿತು. ಅಷ್ಟೊಂದು ಜನ ಬೀದಿಯಲ್ಲಿ ನಿಂತು ಅವಳ ಹೊಲವನ್ನೇ ನೋಡಿದೆವು. ಸಂಜೆಗಾಳಿಗೆ ಮೆಣಸಿನ ಗಿಡಗಳ ತುದಿ ಅಲುಗಿತು. ಹೊಲ ಕದಲಲಿಲ್ಲ. ಹೋಗಬೇಕಾದ ಜಾಗ ಬೇರೆ ಯಾವುದೂ ಅದಕ್ಕಿರಲಿಲ್ಲ.